ಈ ಮಾರ್ಚೋ, ಬರುವ ಮಾರ್ಚೋ

ಭಾಲ್ಕಿ
5 ನವೆಂಬರ್ 1956

ಚಿರಂಜೀವಿ ಮಾಣಿಕನಿಗೆ ಅಪ್ಪ ಕಾಶೀರಾಮನ ಆಶೀರ್ವಾದ.

ನಿನ್ನ ಕಾರ್ಡು ಮುಟ್ಟಿತು. ಜ್ವರ ಬಿಟ್ಟಿದೆ ಅಂತ ಬರೆದದ್ದನ್ನು ನಿನ್ನ ಅವ್ವನಿಗೆ ಮತ್ತೆ ಮತ್ತೆ ಓದಿ ಹೇಳಬೇಕಾಯಿತು. ಕಡೆಗೆ "ಅದರಾಗ ಊಟದ ಸುದ್ದಿ ಯಾಕ ಇಲ್ಲ?" ಅಂತ ನನ್ನ ಮೇಲೆಯೇ ಹರಿಹಾಯ್ದಳು, ಕಾರ್ಡು ನಾನೇ ಬರೆದ ಹಾಗೆ. ಮೋತಿಜ್ವರ, ಅದೇ ಟೈಫಾಯ್ಡು, ಬಂದು ಹೋದ ಮೇಲೆ ಹೊಟ್ಟೆ ನಾಜೂಕು ಇರುತ್ತದಂತೆ. ಹಾಸ್ಟೆಲಿನ ಗಟ್ಟಿ ರೊಟ್ಟಿ ಹಾಗೇ ತಿನ್ನಬೇಡ, ಹಾಲಿನಲ್ಲಿ ನೆನೆಸಿ ತಿನ್ನು. ಹಾಲು ಎಲ್ಲಿಂದ ತರಲಿ ಅನ್ನುತ್ತೀ. ನನಗೂ ಗೊತ್ತು. ಅವ್ವ ಬರಿ ಅಂದಳು, ಬರೆದೆ.

ಒಂದನೇ ತಾರೀಖಿಗೆ ನಾವು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯದವರಾದೆವು. ಸ್ಟೇಷನ್ನಿನಲ್ಲಿ ಪೇಢೆ ಹಂಚಿದರು. ನಮ್ಮ ಗ್ಯಾಂಗಿನವರಿಗೆ ಕಡೆಗೆ ಕೊಟ್ಟರು. ನನಗೆ ಮಾತ್ರ ಕೈ ತಾಗದಂತೆ ಮೇಲಿಂದ ಹಾಕಿದರು. "ರಾಜ್ಯ ಬದಲಾತು, ಕೈ ಬದಲಾಗಿಲ್ಲ ನೋಡ್ರಿ" ಅಂದೆ. ನಮ್ಮ ಗ್ಯಾಂಗು ನಡೆಸುವ ಮುಕಾದಮ ಖಾಸಿಂ ಅಲಿ ನಕ್ಕ, ಪೇಢೆ ಕೊಟ್ಟವರು ನಗಲಿಲ್ಲ. ಕಳೆದ ತಿಂಗಳು ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧ ದೀಕ್ಷೆ ಕೊಟ್ಟಾಗ ಹೋಗಬೇಕಂತ ಜೀವ ಬಡಕೊಂಡಿತು. ರಜೆ ಸಿಗಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಈಗ ನಿನ್ನ ಮಾತು. ಮ್ಯಾಟ್ರಿಕ್ಕಿಗೆ ಈ ಮಾರ್ಚಿನಲ್ಲಿ ಕೂಡಲೋ, ಬರುವ ಮಾರ್ಚಿನಲ್ಲೋ ಅಂತ ಕೇಳಿದ್ದೀ. ಮಗನೇ, ನಾನು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವನು, ಹಳಿಯ ಮೇಲೆ ಸುತ್ತಿಗೆ ಹೊಡೆಯುವವನು. ಕಾಲೇಜಿಗೆ ಹೋಗಲು ಆ ಪರೀಕ್ಷೆ ಪಾಸಾಗಬೇಕು ಅನ್ನುವಷ್ಟು ಗೊತ್ತು. ನಮ್ಮ ಗಲ್ಲಿಯಿಂದ ಅಲ್ಲಿಯವರೆಗೆ ಹೋದವನು ನೀನೊಬ್ಬನೇ. ನಾನು ಏನಂತ ಬುದ್ಧಿ ಹೇಳಲಿ? ನಿಮ್ಮ ಮಜೀದ ಮಾಸ್ತರರನ್ನು ಕೇಳಿ ಬರೆ.

ನಿನ್ನ ಅಪ್ಪ,
ಕಾಶೀರಾಮ


ಬೀದರ
19 ನವೆಂಬರ್ 1956

ತೀರ್ಥರೂಪ ಅಪ್ಪನವರಿಗೆ ಮಾಣಿಕನ ನಮಸ್ಕಾರಗಳು.

ಊಟ ಮಾಡುತ್ತಿದ್ದೇನೆ. ಅವ್ವನಿಗೆ ಇದನ್ನೇ ಮೊದಲು ಓದಿ ಹೇಳಿರಿ.

ಮಜೀದ ಮಾಸ್ತರರನ್ನು ಕೇಳಿದೆ. ಅವರು ಗಣಿತ ಕಲಿಸುವುದು ಉರ್ದುವಿನಲ್ಲಿ, ಬೈಯುವುದು ಕನ್ನಡದಲ್ಲಿ. "ಬೇಟಾ, ಎರಡು ತಿಂಗಳು ಹಾಸಿಗಿ ಮ್ಯಾಲ ಇದ್ದಿ. ಜ್ಯಾಮಿತಿ ಅರ್ಧ ನೋಡಿಲ್ಲ. ಈ ಸಲ ಕೂತ್ರ ಫೇಲ್ ಆಗ್ತಿ, ಇಲ್ಲ ಅಂದ್ರ ಕುಂಟಕೋತ ಪಾಸ್ ಆಗ್ತಿ. ಜಲ್ದಿ ಕಾ ಕಾಮ್ ಶೈತಾನ್ ಕಾ, ಅವಸರದ ಕೆಲಸ ಸೈತಾನಂದು" ಅಂದರು. ಒಂದು ವರ್ಷ ನಿಂತರೆ ಫಸ್ಟ್ ಕ್ಲಾಸು ಬರುತ್ತದೆ, ಕಾಲೇಜಿನವರು ಕರೆದು ಸೀಟು ಕೊಡುತ್ತಾರೆ ಅನ್ನುತ್ತಾರೆ. ಬರುವ ವರ್ಷ ಪುಸ್ತಕಗಳು ಮೈಸೂರಿನವು ಬರುತ್ತವೆ, ಎಲ್ಲಾ ಕನ್ನಡದಲ್ಲಿ ಇರುತ್ತದೆ ಅಂತ ಕೆಲವರು ಹೇಳುತ್ತಾರೆ. ಇಲ್ಲ ಅಂತ ಇನ್ನು ಕೆಲವರು. ಖರೇ ಏನು ಅಂತ ಹೆಡ್‌ಮಾಸ್ತರರಿಗೂ ತಿಳಿಯದು. "ತ್ರಿಕೋನಕ್ಕ ಮುಸಲ್ಲಸ್ ಅಂದ್ರೂ ಅದರ ಮೂಲಿ ಮೂರೇ" ಅಂತ ಮಜೀದ ಮಾಸ್ತರರು ಧೈರ್ಯ ಹೇಳಿದರು.

ಅಪ್ಪ, ಒಂದು ಮಾತು ಬರೆಯುತ್ತೇನೆ, ಸಿಟ್ಟಾಗಬೇಡಿರಿ. ಮೊನ್ನೆ ಕ್ಲಾಸಿನಲ್ಲಿ ಬೋರ್ಡು ನೋಡುತ್ತಿದ್ದಂತೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಮೊದಲು ಬರುತ್ತಿದ್ದ ಲೆಕ್ಕಗಳೂ ಈಗ ತಲೆಯಲ್ಲಿ ನಿಲ್ಲುತ್ತಿಲ್ಲ. ಹೆದರಿಕೆ ಆಗುತ್ತದೆ. ನನಗೆ ಒಂದು ವರ್ಷ ಬೇಕು. ಹಾಸ್ಟೆಲಿನಲ್ಲಿ ಇನ್ನೊಂದು ವರ್ಷ ಇರಲು ಸುಪರಿಂಟೆಂಡೆಂಟ್ ಶಿವರಾಜಪ್ಪನವರ ಅಡ್ಡಿಯಿಲ್ಲ. ಫೇಲಾದವರಿಗೆ ಮಾತ್ರ ಜಾಗ ಇಲ್ಲವಂತೆ. ಜಡ್ಡಾಗಿ ನಿಂತವರಿಗೆ ಇದೆ.

ನೀವು ಹೂಂ ಅಂದರೆ ನಿಲ್ಲುತ್ತೇನೆ.

ನಿಮ್ಮ ಮಗ,
ಮಾಣಿಕ


ಭಾಲ್ಕಿ
14 ಡಿಸೆಂಬರ್ 1956

ಚಿರಂಜೀವಿ ಮಾಣಿಕನಿಗೆ ಆಶೀರ್ವಾದ.

ಉತ್ತರ ತಡವಾಯಿತು. ಯಾಕೆ ಅಂತ ನಿನಗೇ ಗೊತ್ತು. ಬಾಬಾಸಾಹೇಬರು ಹೋದ ಸುದ್ದಿ ಗಾಡಿಯ ಗಾರ್ಡನ ಬಾಯಿಂದ ಬಂತು. ನಾನು ಕಮಲನಗರದ ಕಡೆ ಲೈನಿನ ಮೇಲಿದ್ದೆ. ಅಲ್ಲೇ ಜಲ್ಲಿಯ ಮೇಲೆ ಕೂತು ಅತ್ತೆ. ಖಾಸಿಂ ಅಲಿ ನನ್ನ ಪಾಲಿನ ಕೆಲಸವನ್ನೂ ತಾನೇ ಮಾಡಿದ. ನಮ್ಮ ಗಲ್ಲಿಯಲ್ಲಿ ಒಲೆ ಹತ್ತಲಿಲ್ಲ. ನಿನ್ನ ಅಜ್ಜ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಅಂದೇ ಹಿರಿಯರೆಲ್ಲ ಕೂತು ಮಾತಾಡಿದರು. ನಾವೂ ದೀಕ್ಷೆ ತೆಗೆದುಕೊಳ್ಳೋಣ, ನಾಂದೇಡದ ಕಡೆಯಿಂದ ಬೌದ್ಧ ಭಿಕ್ಷು ಭಂತೇಜಿಯವರನ್ನು ಕರೆಸೋಣ ಅಂತಾಗಿದೆ.

ನೀನು ವರ್ಷ ನಿಲ್ಲು. ಹೂಂ ಅಂದಿದ್ದೇನೆ. ಬಾಬಾಸಾಹೇಬರು ಓದಿದ ಹಾಗೆ ಓದಬೇಕು, ಕುಂಟುತ್ತ ಪಾಸಾಗಿ ಏನು ಮಾಡುತ್ತೀ? ಪಂಢರಿ ಮಾವ ಇಲ್ಲಿಗೆ ಬಂದಿದ್ದ. "ಭಾವ, ಪೋರಗ ಈ ವರ್ಷನೇ ಕೂಡ್ಸ್ರಿ. ನಾಳೆ ಯಾರ ರಾಜ್ಯನೋ, ಯಾವ ಕಾಯ್ದೆನೋ" ಅಂದ. ಅವನ ಮಾತು ಬಿಡು. ಠಾಣಾ ಕುಶನೂರು, ಭಾಲ್ಕಿ ಬಿಟ್ಟು ಮುಂದೆ ಕಾಲಿಟ್ಟವನಲ್ಲ, ಬಸ್ಸು ಹತ್ತಿದರೂ ದೇವರಿಗೆ ಕೈ ಮುಗಿಯುತ್ತಾನೆ.

ಅವ್ವ ಶೇಂಗಾ ಹಿಂಡಿ ಕುಟ್ಟಿ ಕಳಿಸಿದ್ದಾಳೆ. ಒಬ್ಬನೇ ತಿನ್ನಬೇಡ.

ನಿನ್ನ ಅಪ್ಪ,
ಕಾಶೀರಾಮ


ಭಾಲ್ಕಿ
21 ಜನವರಿ 1957

ಮಾಣಿಕ, ಜಯಭೀಮ!

ನಿನ್ನೆ ಆದಿತ್ಯವಾರ ನಾವು ಬೌದ್ಧರಾದೆವು. ನಾನು ಬಿಳಿ ಧೋತರ, ಬಿಳಿ ಅಂಗಿ ಹಾಕಿದ್ದೆ. ಅವ್ವ ಬಿಳಿ ಸೀರೆ ಉಡಲು ಒಪ್ಪಲಿಲ್ಲ, "ಗಂಡ ಮುಂದ ನಿಂತಾನ, ನಾ ಬಿಳೀದು ಉಡ್ಲೇನು?" ಅಂದಳು. ಕಡೆಗೆ ಹಸಿರು ಅಂಚಿನದು ಉಟ್ಟಳು. ಭಂತೇಜಿ ಹೇಳಿಕೊಟ್ಟ ಒಂದೊಂದು ಪ್ರತಿಜ್ಞೆಯನ್ನೂ ಗಟ್ಟಿಯಾಗಿ ಹೇಳಿದೆ. ಆಮೇಲೆ ಮನೆಯ ಮರಗಮ್ಮನ ಹಿತ್ತಾಳೆ ಮೂರ್ತಿಯನ್ನು ಕಾರಂಜಾ ಹೊಳೆಗೆ ಬಿಟ್ಟು ಬಂದೆವು. ವಾಪಸ್ಸು ಬರುವಾಗ ಅವ್ವ ಹೊಳೆಯ ಕಡೆ ಹೊಳ್ಳಿ ಹೊಳ್ಳಿ ನೋಡುತ್ತಿದ್ದಳು.

ಮಗನೇ, ನನ್ನ ಬೆನ್ನಿನ ಮೇಲಿಂದ ಏನೋ ಇಳಿಯಿತು. ಸ್ಟೇಷನ್ನಿನಲ್ಲಿ ಇವತ್ತು ನೀರು ಕೇಳಿದೆ. ಯಾವಾಗಿನಂತೆ ಎತ್ತರದಿಂದಲೇ ಹಾಕಿದರು. ನಾನು ಕುಡಿಯದೆ ಬಂದೆ. ಇಷ್ಟು ವರ್ಷ ಅದನ್ನೇ ಕುಡಿದಿದ್ದೆ ನೋಡು.

ಇನ್ನೊಂದು ಕೆಲಸ ಮಾಡಿದ್ದೇನೆ. ನಿಮ್ಮ ಶಿವರಾಜಪ್ಪನವರಿಗೆ ನನ್ನ ಕೈಯಾರೆ ಕಾಗದ ಬರೆದು ಇವತ್ತೇ ಅಂಚೆಗೆ ಹಾಕಿದೆ. "ಇಂದಿನಿಂದ ನನ್ನ ಮಗ ಮಾಣಿಕ ಬೌದ್ಧನು. ನಿಮ್ಮಲ್ಲಿ ಬರೆದಿರುವ ಹಳೆಯ ಜಾತಿಯ ಹೆಸರನ್ನು ಹೊಡೆದುಹಾಕಬೇಕು." ಒಂದು ಅಕ್ಷರ ತಪ್ಪಿಲ್ಲ, ಸ್ಟೇಷನ್ ಮಾಸ್ತರರಿಗೆ ತೋರಿಸಿಯೇ ಹಾಕಿದ್ದು. ಇನ್ನು ಯಾವನೂ ನಿನ್ನನ್ನು ಆ ಹೆಸರಿನಿಂದ ಕರೆಯಲಾರ. ಎದೆ ಸೆಟೆಸಿ ನಡೆ.

ನಿನ್ನ ಅಪ್ಪ,
ಕಾಶೀರಾಮ


ಬೀದರ
1 ಫೆಬ್ರುವರಿ 1957

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಸಂತೋಷದ ಕಾಗದ ಓದಿದೆ. ನಾಲ್ಕು ದಿನ ಉತ್ತರ ಬರೆಯಲು ಆಗಲಿಲ್ಲ.

ಶಿವರಾಜಪ್ಪನವರು ಕರೆಸಿದರು. ನಿಮ್ಮ ಕಾಗದ ಅವರ ಮೇಜಿನ ಮೇಲಿತ್ತು. ಅವರು ಕೆಟ್ಟವರಲ್ಲ ಅಪ್ಪ. ನನ್ನನ್ನು ಕುರ್ಚಿಯ ಮೇಲೆ ಕೂಡಿಸಿಯೇ ಮಾತಾಡಿದರು. "ತಮ್ಮಾ, ನಾನೂ ಬಸವಣ್ಣನ ಒಕ್ಕಲ. ನಿಮ್ಮಪ್ಪ ಬರ್ದಿದ್ದು ಓದಿ ನನಗ ಖರೇನೆ ಛಲೋ ಅನಸ್ತು. ಆದ್ರ ಈ ಹಾಸ್ಟೆಲ್ ಆ ಜಾತಿಯೋರಿಗಿ ಅಂತ ಸರ್ಕಾರ ಮಾಡೇದ. ಅವ್ರ ಯಾದಿಯಾಗ ಬೌದ್ಧ ಅನ್ನೋದೇ ಇಲ್ಲ. ನಾ ಏನ್ ಮಾಡ್ಲಿ ಹೇಳು?" ಅಂದರು. ಈ ಪರೀಕ್ಷೆ ಮುಗಿಯುವವರೆಗೆ ಕಣ್ಣು ಮುಚ್ಚಿ ಕೂಡುತ್ತಾರಂತೆ. ಬರುವ ವರ್ಷಕ್ಕೆ ಊಟವೂ ಇಲ್ಲ, ಜಾಗವೂ ಇಲ್ಲ, ಶಾಲೆಯ ಫೀ ಮಾಫಿಯೂ ಇಲ್ಲ.

ಒಂದೇ ದಾರಿ ತೋರಿಸಿದರು. ನೀವು ಒಂದು ಸಾಲು ಬರೆದುಕೊಡಬೇಕು. ಹಿಂದೆ ಬರೆದದ್ದು ತಪ್ಪಾಗಿದೆ, ನಾವು ಮೊದಲಿನ ಜಾತಿಯವರೇ ಇದ್ದೇವೆ ಅಂತ. ಅದು ಬಂದರೆ ನಾನು ವರ್ಷ ನಿಲ್ಲಬಹುದು. ಬರದಿದ್ದರೆ ಈ ಮಾರ್ಚಿನಲ್ಲೇ ಕೂಡಬೇಕು. ಅರ್ಜಿ ಕೊಡಲು ಹದಿನಾರನೇ ತಾರೀಖು ಕಡೆಯದು.

ಹೊರಗೆ ಖೋಲಿ ಹಿಡಿದು ಇರು ಅನ್ನುತ್ತೀರೇನೋ. ನಮಗೆ ಈ ಊರಲ್ಲಿ ಖೋಲಿ ಕೊಡುವವರು ಯಾರು?

ಅಪ್ಪ, ನೀವು ಮಾಡಿದ್ದು ತಪ್ಪು ಅಂತ ನಾನು ಅನ್ನಲಾರೆ. ಆ ಹೆಸರು ನನಗೇನು ಪ್ರೀತಿಯದಲ್ಲ. ಆದರೆ ಪರೀಕ್ಷೆ ಬರೆಯುವವನು ನಾನಲ್ಲವೇ? ಅಂಚೆಗೆ ಹಾಕುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು. ಸ್ಟೇಷನ್ ಮಾಸ್ತರರಿಗೆ ತೋರಿಸಿದಿರಿ.

ನಿಮ್ಮ ಮಗ,
ಮಾಣಿಕ


ಭಾಲ್ಕಿ
5 ಫೆಬ್ರುವರಿ 1957

ಮಾಣಿಕ, ಜಯಭೀಮ.

ನೀನು ಬೈದದ್ದು ಸರಿ. ಕೇಳಬೇಕಿತ್ತು. ಸಂತೋಷದ ಭರದಲ್ಲಿ ಹೊಳೆಯಲಿಲ್ಲ.

ಆ ಸಾಲು ಮಾತ್ರ ನನ್ನ ಕೈಯಿಂದ ಆಗದು. ನಿನ್ನೆ ಕಾಗದ ತೆಗೆದುಕೊಂಡು ಕೂತೆ. "ನಾವು" ಅಂತ ಬರೆದೆ, ಮುಂದೆ ಪೆನ್ನು ಹೋಗಲಿಲ್ಲ. ಭಂತೇಜಿಯ ಮುಂದೆ, ಅಷ್ಟು ಜನರ ಮುಂದೆ ಬಾಯಿ ಬಿಟ್ಟು ಹೇಳಿದ್ದೇನೆ. ಹದಿನೈದು ದಿನಕ್ಕೆ ಸುಳ್ಳಾಯಿತು ಅಂತ ಬರೆದುಕೊಡಲೇ? ಹಾಗಾದರೆ ಸ್ಟೇಷನ್ನಿನ ಆ ನೀರನ್ನು ಕುಡಿಯದೆ ಬಂದು ಏನಾಯಿತು?

ಬರೆಯದಿದ್ದರೆ ನಿನ್ನ ವರ್ಷ ಹೋಗುತ್ತದೆ. ಅದೂ ಗೊತ್ತು. ಅತ್ತ ದರಿ, ಇತ್ತ ಪುಲಿ ಅನ್ನುತ್ತಾರಲ್ಲ, ಅಲ್ಲಿ ನಿಂತಿದ್ದೇನೆ. ಎರಡು ದಿನ ಕೊಡು, ಏನಾದರೂ ದಾರಿ ತೆಗೆಯುತ್ತೇನೆ.

ಅಪ್ಪ


ಭಾಲ್ಕಿ
10 ಫೆಬ್ರುವರಿ 1957

ಮಾಣಿಕಾ, ನಿಮ್ಮವ್ವ ಭಾಗೀರಥಿ ಹೇಳ್ಲತ್ತೀನಿ. ಬಾಜೂ ಮನಿ ಮಚ್ಛೇಂದ್ರ ಬರೀಲತ್ತಾನ. ನಾ ಹೆಂಗ ಹೇಳ್ತೀನಿ ಹಂಗೇ ಬರಿ ಅಂದೀನಿ, ಛಂದ ಮಾಡಬ್ಯಾಡ ಅಂದೀನಿ.

ನಿಮ್ಮಪ್ಪ ಎರಡು ದಿನ ಆತು ನೆಟ್ಟಗ ಉಂಡಿಲ್ಲ. ಕಾಗದ ತಗೋತಾನ, ಮಡಚಿ ಇಡ್ತಾನ. ಯಾಕ ಅಂದ್ರ ಒದರ್ತಾನ. ನಿನ್ನಿ ನಮ್ ಪಂಢರಿ ಬಂದಿದ್ದ. ಅವ ಇನ್ನಾ ದೀಕ್ಷಾ ತಗೊಂಡಿಲ್ಲ, ಮೊದಲಿನಂಗೇ ಇದ್ದಾನ. ಮಕ್ಕಳಿಲ್ಲ, ನಿನಗ ಗೊತ್ತೇ ಅದ. "ಭಾವ, ನೀವು ಬರಿಯಾದು ಬ್ಯಾಡ. ಪೋರನ್ನ ನನ್ನ ಉಡಿಯಾಗ ಹಾಕ್ರಿ. ದತ್ತಕ ತಗೋತೀನಿ. ನನ್ನ ಮಗ ಅಂದ್ರ ನನ್ನ ಜಾತಿ ಬರೀತಾರ, ಹಾಸ್ಟೆಲ್ ಉಳೀತದ, ವರ್ಷ ಉಳೀತದ" ಅಂದ. ನಾ ತಿಳ್ಕೊಂಡೆ, ನಿಮ್ಮಪ್ಪ ಈಗ ಅವಗ ಹೊಡೀತಾನ ಅಂತ. ಹೊಡೀಲಿಲ್ಲ. ಮಡಚಿಟ್ಟ ಕಾಗದ ತಗದು ನೋಡ್ದ. ಆಮ್ಯಾಲ "ಸುಳ್ಳು ಬರಿಯಂಗಿಲ್ಲ. ಮಗನ್ನ ಕೊಡ್ತೀನಿ" ಅಂದ.

ಹೆತ್ತಾಕಿ ನಾ ಅಲ್ಲೇ ಒಲಿ ಮುಂದ ಕುಂತೀನಿ. ಇಬ್ಬರಾಗ ಒಬ್ಬರರೆ ನನ್ನ ಕಡಿ ಹೊಳ್ಳಿ ನೋಡಿಲ್ಲ. ಮರಗಮ್ಮನ್ನ ಹೊಳಿಗಿ ಬಿಟ್ಟಾಗ ನಾ ಸುಮ್ಕಿದ್ದೆ. ದೇವರ ಮಾತು ಬ್ಯಾರೆ. ಇದು ನನ್ನ ಹೊಟ್ಟಿದು. ಯಾರಿಗಿ ಬೈಲಿ? ಗಂಡ ನನ್ನವ, ತಮ್ಮ ನನ್ನವ. ಇಬ್ಬರೂ ನಿನ್ನ ಸಲುವಾಗೇ ಮಾಡ್ಲತ್ತಾರ.

ನೀ ಏನ್ ಮಾಡ್ಬೇಕು ಅಂತ ನಾ ಹೇಳಂಗಿಲ್ಲ. ನನಗ ತಿಳೀವಲ್ದು. ಪರೀಕ್ಷಾ ಅಂದ್ರ ಏನು ಅಂತನೇ ನನಗ ಗೊತ್ತಿಲ್ಲ. ಎಣ್ಣಿ ಹಚ್ಕೊಂಡು ತಲಿ ತೊಳ್ಕೋ. ಜ್ವರ ಬಂದು ಕೂದಲ ಉದುರಿದ್ವು ಅಂತ ಅಂದಿದ್ದಿ.

ಅವ್ವ


ಭಾಲ್ಕಿ
12 ಫೆಬ್ರುವರಿ 1957

ಮಾಣಿಕನಿಗೆ.

ದಾರಿ ಸಿಕ್ಕಿತು. ಬರುವ ಆದಿತ್ಯವಾರ ಹದಿನೇಳನೇ ತಾರೀಖು ಬಸ್ಸು ಹಿಡಿದು ಠಾಣಾ ಕುಶನೂರಿಗೆ ಹೋಗು. ಪಂಢರಿ ಮಾವ ನಾಲ್ಕು ಜನರ ಮುಂದೆ ನಿನ್ನನ್ನು ದತ್ತಕ ತೆಗೆದುಕೊಳ್ಳುತ್ತಾನೆ. ಅವನು ಬರೆದುಕೊಡುವ ಕಾಗದವನ್ನು ಶಿವರಾಜಪ್ಪನವರಿಗೆ ಒಪ್ಪಿಸು. ನಾನು ಒಬ್ಬನನ್ನು ಕಳಿಸಿ ಕೇಳಿಸಿದ್ದೇನೆ, ನಡೆಯುತ್ತದೆ ಅಂದಿದ್ದಾರೆ. ಇನ್ನು ಮುಂದೆ ಶಾಲೆಯಲ್ಲಿ ನಿನ್ನ ಹೆಸರಿನ ಮುಂದೆ ತಂದೆ ಪಂಢರಿ ಅಂತ ಬರೆಯುತ್ತಾರೆ. ಮಾವ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ಹೊಲ ಇದೆ, ಎಮ್ಮೆ ಇದೆ. ಹಾಲಿಗೆ ಕೊರತೆ ಇಲ್ಲ.

ವರ್ಷ ಬೇಕು ಅಂದಿದ್ದೀ, ವರ್ಷ ಸಿಕ್ಕಿತು. ಈ ಮಾರ್ಚಿಗೆ ಅರ್ಜಿ ಹಾಕಬೇಡ.

ಅವ್ವ ಶನಿವಾರವೇ ಹೋಗುತ್ತಾಳೆ. ನನಗೆ ಡ್ಯೂಟಿ ಇದೆ, ಬರಲು ಆಗುವುದಿಲ್ಲ.

ಕಾಶೀರಾಮ


ಬೀದರ
18 ಫೆಬ್ರುವರಿ 1957

ಅಪ್ಪ,

ನಿನ್ನೆ ನಾನು ಹೋಗಲಿಲ್ಲ. ಮಾವ, ಅವ್ವ ದಾರಿ ನೋಡಿ ಬೇಜಾರು ಮಾಡಿಕೊಂಡಿರಬೇಕು. ಮಾವನಿಗೂ ಬರೆದಿದ್ದೇನೆ. ಅವರದೇನೂ ತಪ್ಪಿಲ್ಲ.

ಶನಿವಾರ ಅರ್ಜಿ ತುಂಬಿ ಕೊಟ್ಟೆ. ಈ ಮಾರ್ಚಿನಲ್ಲಿಯೇ ಕೂಡುತ್ತೇನೆ. ಮಜೀದ ಮಾಸ್ತರರು ಎಲ್ಲರ ಮುಂದೆ "ಗಧೆ, ಯಾರ ಮಾತು ಕೇಳಿ ಹಿಂಗ ಮಾಡ್ದಿ?" ಅಂತ ಬೈದರು. ನಾನು ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ಅಳು ಬರುತ್ತಿತ್ತು. ಆಮೇಲೆ ತಾವೇ ಸಂಜೆ ಮನೆಗೆ ಬಾ ಅಂದಿದ್ದಾರೆ, ಉಳಿದ ಜ್ಯಾಮಿತಿ ಹೇಳಿಕೊಡುತ್ತಾರಂತೆ.

ನಿಮಗೆ ಹೇಳಿಬಿಡುತ್ತೇನೆ. ವರ್ಷ ನಿಂತರೆ ಬರುವ ಮಾರ್ಚಿನ ಅರ್ಜಿಯಲ್ಲಿ ತಂದೆಯ ಹೆಸರು ಪಂಢರಿ ಅಂತ ನನ್ನ ಕೈಯಿಂದ ಬರೆಯಬೇಕಿತ್ತು. ಆ ಒಂದು ಸಾಲು ನಿಮಗೆ ಬರೆಯಲು ಆಗಲಿಲ್ಲ ಅಂದಿರಿ. ಈ ಸಾಲು ನನಗೂ ಆಗಲಿಲ್ಲ. ನೀವು ಹಟಮಾರಿ, ನಿಮ್ಮ ಮಗ ಬೇರೆ ಹೇಗಿರುತ್ತಾನೆ?

ನನಗೆ ನಿಮ್ಮ ಮೇಲೆ ಬಹಳ ಸಿಟ್ಟಿದೆ. ಕೊಡುತ್ತೇನೆ ಅನ್ನಲು ಬಾಯಿ ಹೇಗೆ ಬಂತು? ಅಂದದ್ದು ನನ್ನ ಸಲುವಾಗಿಯೇ ಅಂತಲೂ ಗೊತ್ತು. ಅದಕ್ಕೇ ಸಿಟ್ಟು ಯಾರ ಮೇಲೆ ತೀರಿಸಲಿ ಅಂತ ತಿಳಿಯುತ್ತಿಲ್ಲ.

ಓದುತ್ತಿದ್ದೇನೆ. ಅವ್ವನಿಗೆ ಪಾಸಾಗುತ್ತಾನೆ ಅಂತ ಹೇಳಿರಿ.

ಮಾಣಿಕ ತಂದೆ ಕಾಶೀರಾಮ


ಬೀದರ
29 ಮಾರ್ಚ್ 1957

ಅಪ್ಪನವರಿಗೆ.

ಪರೀಕ್ಷೆ ಮುಗಿಯಿತು. ಉಳಿದವೆಲ್ಲ ಒಳ್ಳೆಯದಾಗಿವೆ. ಗಣಿತದ ದಿನ ಮೊದಲಿನ ಎರಡು ಪ್ರಶ್ನೆ ಮಾಡಿದೆ, ಆಮೇಲೆ ಕಣ್ಣು ಕತ್ತಲೆ ಬಂತು. ಮೇಲ್ವಿಚಾರಕರು ನೀರು ಕೊಟ್ಟರು, ಲೋಟದಲ್ಲಿಯೇ ಕೊಟ್ಟರು. ಅಷ್ಟರಲ್ಲಿ ವೇಳೆ ಹೋಗಿತ್ತು.

ಹಾಸ್ಟೆಲು ಬಿಟ್ಟೆ. ಶಿವರಾಜಪ್ಪನವರು ಬಾಗಿಲವರೆಗೆ ಬಂದರು. ನೇರ ಠಾಣಾ ಕುಶನೂರಿಗೆ ಹೋಗುತ್ತೇನೆ, ಮಾವನಲ್ಲಿ ಜೋಳದ ರಾಶಿ ನಡೆದಿದೆ, ಕೈ ಕಡಿಮೆ ಇದೆಯಂತೆ. ಈಗಲೇ ಮನೆಗೆ ಬಂದರೆ ನೀವು ಗಣಿತ ಹೇಗಾಯಿತು ಅಂತ ಕೇಳುತ್ತೀರಿ.

ಮಾಣಿಕ


ಭಾಲ್ಕಿ
13 ಜೂನ್ 1957

ಮಾಣಿಕ, ಜಯಭೀಮ.

ರಿಸಲ್ಟಿನ ಪೇಪರು ಬಂತು. ನಿನ್ನ ನಂಬರು ಇಲ್ಲ. ಮಂದಿ ಬಾಯಿಂದ ನಿನಗೆ ತಿಳಿಯುವುದು ಬೇಡ ಅಂತ ನಾನೇ ಬರೆಯುತ್ತಿದ್ದೇನೆ. ನಾನು ಹುಡುಕಿದೆ, ಸ್ಟೇಷನ್ ಮಾಸ್ತರರೂ ಬೆರಳಿಟ್ಟು ಹುಡುಕಿದರು. "ಯಾರದೋ ಇದು ನಂಬರ್?" ಅಂದರು. "ನನ್ನ ಮಗಂದ್ರಿ" ಅಂದೆ. "ಇಲ್ಲಲ್ಲೋ" ಅಂತ ಪೇಪರು ನನ್ನ ಕೈಯಲ್ಲೇ ಕೊಟ್ಟರು.

ಮರುದಿನ ರಜೆ ಹಾಕಿ ಬೀದರಿಗೆ ಹೋದೆ. ಮಜೀದ ಸಾಹೇಬರನ್ನು ಕಂಡೆ. ಗಣಿತ ಒಂದರಲ್ಲಿಯೇ ಹೋಯಿತಂತೆ. "ಒಂದ್ ವರ್ಷ, ಭಾಯಿ, ಒಂದೇ ವರ್ಷ ಕೇಳಿದ್ದೆ ನಾ" ಅಂದರು. ಅವರಿಗೂ ಹೈದರಾಬಾದಿಗೆ ವರ್ಗದ ಮಾತು ನಡೆದಿದೆ, ಬೀದರಿನಲ್ಲಿ ಇರುತ್ತಾರೋ ಇಲ್ಲವೋ.

ಅಲ್ಲಿಂದ ಶಿವರಾಜಪ್ಪನವರ ಹತ್ತಿರ ಹೋದೆ. ನಿನ್ನ ಅವ್ವನಿಗೆ ಇದನ್ನು ಹೇಳಿಲ್ಲ. ಅವರ ಹತ್ತಿರವೇ ಒಂದು ಖಾಲಿ ಕಾಗದ ಕೇಳಿ ತೆಗೆದುಕೊಂಡು, ಅವರ ಪೆನ್ನಿನಿಂದಲೇ, ಆ ಸಾಲು ಬರೆದೆ. ಹಳೆಯ ಜಾತಿಯ ಹೆಸರು ಸಮೇತ ಬರೆದೆ. ಸಹಿ ಮಾಡಿದೆ. ಅವರು ಓದಿದರು. "ಕಾಶೀರಾಮ, ಇದು ಫೆಬ್ರುವರಿಯಾಗ ಬಂದಿದ್ರ ಆಗ್ತಿತ್ತಪಾ. ಈಗ ಪೋರ ಫೇಲಾಗ್ಯಾನ. ಫೇಲಾದೋರಿಗಿ ಜಾಗಾ ಕೊಡ್ಲಿಕ್ಕ ನನ್ನ ಕೈಯಾಗ ಇಲ್ಲ" ಅಂತ ಅಂದು ಕಾಗದವನ್ನು ವಾಪಸ್ಸು ಕೊಟ್ಟರು. ಗಾಡಿಯಲ್ಲಿ ಬರುವಾಗ ಅದನ್ನು ಹರಿದು ಕಿಟಕಿಯಿಂದ ಬಿಟ್ಟೆ. ಹರಿದರೆ ಬರೆದದ್ದು ಹೋಗುತ್ತದೆಯೇ? ಬೌದ್ಧ ಅನ್ನುವ ಹೆಸರೂ ಕಳಕೊಂಡೆ, ನಿನ್ನ ವರ್ಷವೂ ಉಳಿಯಲಿಲ್ಲ. ಯಾರು ಯಾವಾಗ ಏನು ಮಾಡಿದ್ದರೆ ಸರಿಯಾಗುತ್ತಿತ್ತು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಗೊತ್ತಾಗಲಿಲ್ಲ.

ಮನೆಗೆ ಬಾ. ಗಣಿತದ ಮಾತು ಕೇಳುವುದಿಲ್ಲ. ಅವ್ವ ದಿನವೂ ಬಸ್ಸಿನ ಹೊತ್ತಿಗೆ ಬಾಗಿಲಿಗೆ ಬರುತ್ತಾಳೆ, ಬಂದವಳು ನೀರು ಚೆಲ್ಲುವ ನೆವ ಮಾಡಿ ಒಳಗೆ ಹೋಗುತ್ತಾಳೆ.

ಇವತ್ತು ಲೈನಿನ ಮೇಲೆ ಖಾಸಿಂ ಅಲಿ ನನ್ನ ಪಕ್ಕಕ್ಕೆ ಬಂದು ಕೂತ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಮಳೆಗಾಲಕ್ಕೆ ಗ್ಯಾಂಗಿನಲ್ಲಿ ಒಬ್ಬ ಆಳು ಬೇಕಾಗಿದೆಯಂತೆ. "ಓದಿದ ಪೋರ, ಮುಂದ ಮುಕಾದಮ ಆಗ್ತಾನ. ಸಾಹೇಬರ ಹತ್ರ ನಿನ್ನ ಮಗನ ಹೆಸರು ಹೇಳ್ಲೇನು?" ಅಂದ.

ಇಲ್ಲ ಅನ್ನಬೇಕಿತ್ತು. ನನ್ನ ಬಾಯಿಗೆ ಬರಲಿಲ್ಲ.

ನಿನ್ನ ಅಪ್ಪ,
ಕಾಶೀರಾಮ